ಏಳು ಸಲ ಕೇಳಿದವನು

ನನ್ನ ಕಾಯಿಲೆಯನ್ನು ನಾನು ಒಮ್ಮೆಯೂ ನೋಡಿಲ್ಲ. ಹೆಂಡತಿ ನೋಡಿದ್ದಾಳೆ, ಮಗಳು ನೋಡಿದ್ದಾಳೆ, ನಮ್ಮ ಯಲಹಂಕದ ಪಕ್ಕದ ಸಿಂಗಾಪುರದ ಒಂದು ಬಡಾವಣೆಯಲ್ಲಿ ಗೃಹಪ್ರವೇಶದ ಊಟಕ್ಕೆ ಬಂದಿದ್ದ ಅರವತ್ತು ಜನ ನೋಡಿದ್ದಾರೆ. ಅದು ಬಂದಾಗ ನಾನು ಇರುವುದಿಲ್ಲ. ನಾನು ಬರುವಷ್ಟರಲ್ಲಿ ಅದು ಹೊರಟುಹೋಗಿರುತ್ತದೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಪಾಳಿಯ ಇಬ್ಬರು ಬಾಡಿಗೆಗೆ ಇದ್ದ ಹಾಗೆ, ನಮ್ಮಿಬ್ಬರಿಗೆ ಇನ್ನೂ ಮುಖಪರಿಚಯವಾಗಿಲ್ಲ. ಆದ್ದರಿಂದ ಈ ಬರಹದಲ್ಲಿ ನಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು, ಮೊಬೈಲಿನಲ್ಲಿ ನೋಡಿ ತಿಳಿದದ್ದು ಯಾವುದು ಎಂದು ಬಿಡಿಸಿಯೇ ಬರೆಯುತ್ತೇನೆ. ಇದೇ ತೊಂದರೆ ಇರುವ ಇನ್ನೊಬ್ಬರು ಎಲ್ಲಾದರೂ ಹೆದರಿಕೊಂಡು ಕೂತಿದ್ದರೆ ಅವರಿಗಾದರೂ ಉಪಯೋಗವಾಗಲಿ.

ನಾನು ಪುರೋಹಿತ. ವಯಸ್ಸು ಐವತ್ತನಾಲ್ಕು. ಯಲಹಂಕದ ಹಳೆಯ ಊರಿನಲ್ಲಿ ಮನೆ. ವಿದ್ಯಾರಣ್ಯಪುರ, ಸಿಂಗಾಪುರ, ಆ ಕಡೆ ಸೋಲದೇವನಹಳ್ಳಿಯವರೆಗೆ ಯಾರು ಮನೆ ಕಟ್ಟಿದರೂ, ಯಾರಿಗೆ ಮಗು ಹುಟ್ಟಿದರೂ ಸ್ಕೂಟರಿನಲ್ಲಿ ಸಮಿತ್ತಿನ ಚೀಲ ಇಟ್ಟುಕೊಂಡು ಹೋಗುವವನು. ಯಾವ ಪೂಜೆಗೂ ಮೊದಲು ಸಂಕಲ್ಪ ಎಂದು ಒಂದಿರುತ್ತದೆ. ಪೂಜೆಗೆ ಕೂತವರು ತಾವು ಯಾವ ನದಿಯ ಯಾವ ದಡದಲ್ಲಿದ್ದೇವೆ, ಇದು ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ತಮ್ಮ ಗೋತ್ರ ಯಾವುದು, ಹೆಸರೇನು ಎಂದು ಹೇಳಿಕೊಂಡು ಆಮೇಲೆ ಕೆಲಸ ಶುರುಮಾಡಬೇಕು. ಮೂವತ್ತು ವರ್ಷಗಳಿಂದ ಇದನ್ನು ಬೇರೆಯವರ ಬಾಯಲ್ಲಿ ಹೇಳಿಸುತ್ತಿದ್ದೇನೆ. ಅವರು ಯಾರು, ಎಲ್ಲಿದ್ದಾರೆ, ಇವತ್ತು ಯಾವ ದಿನ ಎಂದು ಅವರಿಗೇ ತಿಳಿಸಿಕೊಡುವುದು ನನ್ನ ವೃತ್ತಿ.

ಮೊದಲು ಗಮನಿಸಿದ್ದು ಹೆಂಡತಿ ಸುಮಾ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಸೊಂಟಕ್ಕೆ ಕೈ ಇಟ್ಟುಕೊಂಡು ಮುಂದೆ ನಿಂತಿದ್ದಳು.

"ರೀ, ಕಾಫಿ ಆಯ್ತಾ ಅಂತ ಇದು ನಾಲ್ಕನೇ ಸಲ ಕೇಳ್ತಿದೀರ. ಲೋಟ ನಿಮ್ಮ ಕೈಲೇ ಇದೆ."

ನಾನು ಕೈ ನೋಡಿಕೊಂಡೆ. ಲೋಟ ಇತ್ತು. ಖಾಲಿಯಾಗಿತ್ತು. ಕುಡಿದ ರುಚಿ ಬಾಯಲ್ಲಿತ್ತು, ಕುಡಿದದ್ದು ಮಾತ್ರ ನೆನಪಿರಲಿಲ್ಲ. ಸುಮಾ ಇದನ್ನು ಇನ್ನೊಂದು ಲೋಟ ಕಾಫಿಗೆ ಆಡುತ್ತಿರುವ ನಾಟಕ ಎಂದುಕೊಂಡಳು. ನಾನು ವಯಸ್ಸು ಎಂದುಕೊಂಡೆ. ಇಬ್ಬರೂ ಸುಮ್ಮನಾದೆವು.

ಸಿಂಗಾಪುರದ ಗೃಹಪ್ರವೇಶ ವೈಶಾಖದಲ್ಲಿ. ಮನೆಯ ಯಜಮಾನರು ಶ್ರೀಪಾದ ಕುಲಕರ್ಣಿ, ಬಾಗಲಕೋಟೆ ಕಡೆಯವರು. ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಇಡೀ ಆಯುಷ್ಯ ದುಡಿದು, ನಿವೃತ್ತರಾದ ಮೇಲೆ ಕಟ್ಟಿಸಿದ ಮನೆ. ಅವತ್ತಿನದರಲ್ಲಿ ನನಗೆ ನೆನಪಿರುವುದು ಇಷ್ಟು: ಹೋಮ ಮುಗಿಯಿತು, ಪೂಜೆಗೆ ಕಲಶ ಇಟ್ಟೆ, ಕುಲಕರ್ಣಿ ದಂಪತಿಯನ್ನು ಮಣೆಯ ಮೇಲೆ ಕೂರಿಸಿದೆ. ಇದಾದ ಮೇಲೆ ನೆನಪಿರುವುದು ಬಾಳೆಯೆಲೆಯ ಮೇಲಿದ್ದ ಹೋಳಿಗೆಯ ಎರಡನೆಯ ಅರ್ಧ. ಮೊದಲನೆಯ ಅರ್ಧ ಯಾರು ತಿಂದರು ಎಂದು ನಾನು ಆಗ ಯೋಚಿಸಲಿಲ್ಲ. ಎಲ್ಲರೂ ಬಹಳ ಗೌರವದಿಂದ ನೋಡುತ್ತಿದ್ದರು. ಕುಲಕರ್ಣಿಯವರ ಕಣ್ಣು ಕೆಂಪಾಗಿತ್ತು. ಹೋಮದ ಹೊಗೆ ಎಂದುಕೊಂಡೆ.

ಹದಿನೈದು ದಿನ ಬಿಟ್ಟು ಅದೇ ಬಡಾವಣೆಯ ಒಬ್ಬ ಮಹಿಳೆ ಫೋನು ಮಾಡಿದರು. ಧ್ವನಿಯಲ್ಲಿ ಬೇಸರವಿತ್ತು.

"ಶಾಸ್ತ್ರಿಗಳೇ, ಕುಲಕರ್ಣಿಯವರ ಮನೇಲಿ ಏಳು ಸಲ ಕೇಳಿದ್ರಂತೆ. ನಮ್ಮನೇಲಿ ನಾಮಕರಣಕ್ಕೆ ಒಂದೇ ಸಲ ಕೇಳಿ ಮುಗಿಸಿಬಿಟ್ರಿ. ಯಾಕೆ, ನಾವೇನು ಕಡಿಮೆನಾ?"

"ಏನನ್ನ ಕೇಳಿದ್ದು ತಾಯಿ?"

"ಅದೇ, ನೀವು ಯಾರು ಅಂತ ಕೇಳ್ತೀರಲ್ಲ, ಆ ಶಾಸ್ತ್ರ."

"ಅಂಥದ್ದು ಯಾವುದೂ ಇಲ್ವಲ್ಲಮ್ಮ. ಬೇರೆ ಯಾರೋ ಪುರೋಹಿತರಿರಬೇಕು."

"ನಿಮ್ಮದೇ ವಿಡಿಯೋ ಕಣ್ರೀ. ನಮ್ಮ ಲೇಔಟ್ ಗ್ರೂಪಲ್ಲಿ ಎಲ್ಲರೂ ಕೈ ಮುಗಿದು ಹಾಕಿದಾರೆ."

ಮಗಳು ಮೇಧಾ ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಾಳೆ. ಅವಳು ಆ ವಿಡಿಯೋ ತರಿಸಿದಳು. ಮೂವರೂ ಊಟದ ಮೇಜಿನ ಮೇಲೆ ಮೊಬೈಲನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ನೋಡಿದೆವು. ಇಲ್ಲಿಂದ ಮುಂದಿನದು ನಾನು ಕಂಡದ್ದು, ಆದರೆ ಮೊಬೈಲಿನಲ್ಲಿ.

ನನ್ನ ಮುಖದ ಮನುಷ್ಯನೊಬ್ಬ ಕೂತಿದ್ದಾನೆ. ಮಂತ್ರ ಸ್ಪಷ್ಟವಾಗಿ ಹೇಳುತ್ತಿದ್ದಾನೆ. ಬಲಗೈಯ ಬೆರಳು ಉತ್ತರೀಯದ ಅಂಚನ್ನು ಹೊಸೆಯುತ್ತಿದೆ. ಇದ್ದಕ್ಕಿದ್ದಂತೆ ನಿಲ್ಲಿಸಿ, ಎದುರಿಗಿರುವ ಕುಲಕರ್ಣಿಯವರನ್ನು ಎಂದೂ ನೋಡದವನ ಹಾಗೆ ನೋಡಿ ಕೇಳುತ್ತಾನೆ: "ತಾವು ಯಾರು?"

"ನಾನ್ರೀ, ಕುಲಕರ್ಣಿ."

ಅವನು ತಲೆಯಾಡಿಸುತ್ತಾನೆ. ಒಂದು ಉದ್ಧರಣೆ ನೀರು ಬಿಡುತ್ತಾನೆ, ಎರಡು ಸಾಲು ಮಂತ್ರ ಹೇಳುತ್ತಾನೆ. "ತಾವು ಯಾರು?"

"ಶ್ರೀಪಾದ ಕುಲಕರ್ಣಿ ಅಂತ್ರೀ. ಕಾಶ್ಯಪ ಗೋತ್ರ."

ನೀರು, ಮಂತ್ರ. "ತಾವು ಯಾರು?"

"ಈ ಮನಿ ಕಟ್ಟಿಸಿದಾಂವ್ರೀ."

ನಾಲ್ಕನೆಯ ಸಲಕ್ಕೆ ಅವರು ತಾವು ಫೋರ್‌ಮನ್ ಆಗಿ ನಿವೃತ್ತರಾದದ್ದನ್ನು ಹೇಳುತ್ತಾರೆ. ಆಗ ಪಕ್ಕದಲ್ಲಿ ಕೂತ ಅವರ ಹೆಂಡತಿ ಮೊಣಕೈಯಿಂದ ತಿವಿದು, "ಖರೇ ಹೇಳ್ರಿ, ಅವರು ಕೇಳೂದು ಬ್ಯಾರೆ ಅದ," ಎನ್ನುತ್ತಾರೆ. ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿದ್ದವರೂ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಐದನೆಯ ಸಲ ಕುಲಕರ್ಣಿಯವರು ನಿಧಾನವಾಗಿ, "ನಮ್ಮವ್ವನ ಮಗ ಅದೀನ್ರಿ," ಎನ್ನುತ್ತಾರೆ. ಆರನೆಯ ಸಲ, "ಗೊತ್ತಿಲ್ರೀ." ಏಳನೆಯ ಸಲ ತಲೆ ತಗ್ಗಿಸಿ, "ಅಕ್ಕನ ಜೋಡಿ ಹನ್ನೆರಡು ವರ್ಷ ಮಾತಾಡಲಾರದಾಂವ್ರೀ ನಾ," ಎಂದು ಅಳತೊಡಗುತ್ತಾರೆ. ನನ್ನ ಮುಖದವನು ತೆಂಗಿನಕಾಯಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ, "ಸಂತೋಷ," ಎಂದು ಹೇಳಿ ಮುಂದಿನ ಮಂತ್ರಕ್ಕೆ ಹೋಗುತ್ತಾನೆ.

ವಿಡಿಯೋ ಮುಗಿಯಿತು. ಮೇಧಾ ನನ್ನ ಕಡೆ ನೋಡದೆ ಹೇಳಿದಳು, "ಅಪ್ಪ, ಇದ್ರಲ್ಲಿ ನೀನು ಇಲ್ಲ."

"ಇಲ್ದೆ ಏನು," ಎಂದಳು ಸುಮಾ. "ಆ ಪಂಚೆ ನಾನೇ ಒಗೆದಿದ್ದು."

ಹೇಳಿದವಳೇ ಸೆರಗಿನಿಂದ ಮೊಬೈಲಿನ ಗಾಜು ಒರೆಸಿದಳು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

ನನಗೆ ಆದದ್ದು ಭಯ. ಆ ಮನುಷ್ಯ ತಪ್ಪು ಮಾಡಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಎರಡನೆಯ ಸಲ ಪುಸ್ತಕ ಹಿಡಿದುಕೊಂಡು ನೋಡಿದೆ. ಒಂದು ಅಕ್ಷರ ಬಿಟ್ಟಿರಲಿಲ್ಲ. ನಾನು ಇದ್ದ ದಿನಗಳಲ್ಲಿ ಊಟದ ಹೊತ್ತಾಯಿತೆಂದು ಒಂದೆರಡು ಸಾಲು ಹಾರಿಸುವುದುಂಟು. ನನ್ನ ತಂದೆ ಪಾಠ ಹೇಳುವಾಗ ಕೇಳುತ್ತಿದ್ದರು: ಗಾಢನಿದ್ದೆಯಿಂದ ಎದ್ದು ಸುಖವಾಗಿ ಮಲಗಿದ್ದೆ ಎನ್ನುತ್ತೀಯಲ್ಲ, ಮಲಗಿದ್ದಾಗ ಅದನ್ನು ಕಂಡವನು ಯಾರು? ಒಳಗೆ ಒಬ್ಬ ಸಾಕ್ಷಿ ಸದಾ ಎಚ್ಚರ ಇರುತ್ತಾನೆ ಎಂಬುದು ಅವರ ಉತ್ತರ. ನಾನೂ ಅದನ್ನೇ ಎಷ್ಟೋ ಮನೆಗಳಲ್ಲಿ ಪೂಜೆಯ ನಡುವೆ ಹೇಳಿದ್ದೇನೆ, ಜನ ತಲೆದೂಗಿದ್ದಾರೆ. ಈಗ ಕಲಶದಿಂದ ಹೋಳಿಗೆಯವರೆಗಿನ ಆ ನಲವತ್ತು ನಿಮಿಷದಲ್ಲಿ ನನ್ನ ಸಾಕ್ಷಿಗಾಗಿ ಹುಡುಕಿದೆ. ಸಿಗಲಿಲ್ಲ. ಅವತ್ತು ರಜೆ ಹಾಕಿದ್ದನೆಂದು ಕಾಣುತ್ತದೆ.

ಆಸ್ಪತ್ರೆಗೆ ಹೋಗಿದ್ದು ಆಷಾಢದಲ್ಲಿ. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ನಮ್ಮ ವೃತ್ತಿಯವರು ಹಲ್ಲು ಕೀಳಿಸುವುದು, ಹರ್ನಿಯಾ ಆಪರೇಷನ್ ಮಾಡಿಸುವುದು ಎಲ್ಲವೂ ಆಷಾಢದಲ್ಲೇ. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆ, ನರರೋಗ ವಿಭಾಗ. ಕುರ್ಚಿಗಳೆಲ್ಲ ತುಂಬಿದ್ದವು. ಪಕ್ಕದಲ್ಲಿ ಕೂತಿದ್ದ ಹಳ್ಳಿಯ ಹಿರಿಯರೊಬ್ಬರು ನನ್ನ ಶಿಖೆ, ಪಂಚೆ ನೋಡಿ ಕೈ ಮುಗಿಯಲು ಹೋದರು. ಕೈ ಅದುರುತ್ತಿದ್ದುದರಿಂದ ಎರಡು ಕೈ ಕೂಡಲು ಸ್ವಲ್ಪ ಹೊತ್ತು ಹಿಡಿಯಿತು.

"ನಂದು ಇಂಗೆ, ಕೈ ಅದುರ್ತದೆ," ಎಂದರು. "ತಮ್ದು ಏನು ಸ್ವಾಮಿ?"

"ಆಗಾಗ ನಾನು ಇರಲ್ಲ," ಎಂದೆ. ಅದಕ್ಕಿಂತ ಸರಿಯಾಗಿ ಹೇಳಲು ತಿಳಿಯಲಿಲ್ಲ.

ಅವರು ಯೋಚಿಸಿದರು. "ಅದು ಒಳ್ಳೇದಲ್ವಾ? ಅದ್ಕೇ ಅಲ್ವಾ ನೀವೆಲ್ಲ ಕಣ್ಮುಚ್ಚಿ ಕೂರೋದು?"

ನನಗೆ ನಗು ಬಂತು. ಆ ತಿಂಗಳಲ್ಲಿ ಅದೇ ಮೊದಲನೆಯ ನಗು. ಅವರ ಹೆಸರು ಕೇಳಲಿಲ್ಲ, ಅದಕ್ಕೆ ಈಗಲೂ ಬೇಸರವಿದೆ.

ಮೊದಲು ನನ್ನನ್ನು ಪರೀಕ್ಷಿಸಿದ್ದು ಚಿಕ್ಕ ವಯಸ್ಸಿನ ಡಾಕ್ಟರು, ಬೇರೆ ರಾಜ್ಯದವರು, ಕನ್ನಡವನ್ನು ಎಚ್ಚರಿಕೆಯಿಂದ ಜೋಡಿಸಿ ಮಾತಾಡುತ್ತಿದ್ದರು. ಕೈಯಲ್ಲಿ ಒಂದು ಹಾಳೆ. "ಇವತ್ತು ಯಾವ ದಿನ ಹೇಳಿ."

ಭಯದಲ್ಲಿ ಬಾಯಿಗೆ ಅಭ್ಯಾಸವಾದದ್ದೇ ಬಂತು. "ಆಷಾಢ ಬಹುಳ ಪಂಚಮಿ."

ಅವರು ಏನೋ ಬರೆದುಕೊಂಡರು. "ಇದು ಯಾವ ಕಾಲ?"

"ಗ್ರೀಷ್ಮ ಋತು." ಹೊರಗೆ ಜೋರು ಮಳೆ ಬರುತ್ತಿತ್ತು. ಅವರು ಕಿಟಕಿಯನ್ನೂ ನನ್ನನ್ನೂ ನೋಡಿ ಮತ್ತೆ ಬರೆದುಕೊಂಡರು.

"ಈಗ ನೀವು ಎಲ್ಲಿದ್ದೀರಿ?"

"ಗೋದಾವರಿಯ ದಕ್ಷಿಣ ತೀರದಲ್ಲಿ."

ಅವರು ಪೆನ್ನು ಕೆಳಗಿಟ್ಟರು. ಮೇಧಾ ಕುರ್ಚಿಯಿಂದ ಎದ್ದಳು. "ಡಾಕ್ಟ್ರೇ, ಅದು ಕಾಯಿಲೆ ಅಲ್ಲ. ಅದು ಅವರ ಕೆಲಸ." ಅವರು ನಂಬಲಿಲ್ಲ. ಕೊನೆಗೆ ನರ್ಸ್ ಒಬ್ಬರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಇವತ್ತಿನ ಚೌಕದ ಮೇಲೆ ಬೆರಳಿಟ್ಟು, ಕಣ್ಣು ಕಿರಿದು ಮಾಡಿ ಓದಿದರು. "ಪಂಚಮಿನೇ ಸಾರ್. ಪೇಶೆಂಟ್ ಕರೆಕ್ಟಾಗೇ ಹೇಳಿದಾರೆ." ನನಗೆ ಪರೀಕ್ಷೆ ಪಾಸಾದಷ್ಟು ಹಿಗ್ಗಾಯಿತು. ಇಂಗ್ಲಿಷ್ ತಾರೀಕು ಕೇಳಿದಾಗ ಮಾತ್ರ ಎರಡು ದಿನ ಹಿಂದೆ ಹೇಳಿದೆ.

ದೊಡ್ಡ ಡಾಕ್ಟರು ಹೆಂಗಸು, ನನ್ನದೇ ವಯಸ್ಸಿನವರು. ಅವರು ಮೊದಲು ಹೇಳಿದ್ದು, "ನಿಮ್ಮನ್ನ ಆಮೇಲೆ ಕೇಳ್ತೀನಿ. ಇದರಲ್ಲಿ ನೀವು ಸಾಕ್ಷಿ ಅಲ್ಲ." ಸುಮಾಳನ್ನೂ ಮೇಧಾಳನ್ನೂ ಕೂರಿಸಿ ಕೇಳಿದರು, ವಿಡಿಯೋ ಎರಡು ಸಲ ನೋಡಿದರು. ಕುಲಕರ್ಣಿಯವರು ಅಳುವಲ್ಲಿ ನಿಲ್ಲಿಸಿ, "ಇವರಿಗೆ ಏನಾಗಿದೆ?" ಎಂದು ಕೇಳಿದರು. ಅವರು ರೋಗಿಯಲ್ಲ, ಮನೆಯ ಯಜಮಾನರು ಎಂದು ವಿವರಿಸಬೇಕಾಯಿತು.

ಆಮೇಲೆ ನನ್ನ ಕಡೆ ತಿರುಗಿದರು. "ಇದು ಬರೋಕೆ ಮುಂಚೆ ಏನಾದ್ರೂ ವಾಸನೆ ಬರುತ್ತಾ?"

"ತುಪ್ಪ ಸುಟ್ಟ ವಾಸನೆ."

ಅವರ ಮುಖದಲ್ಲಿ ಆಸಕ್ತಿ ಮೂಡಿತು. "ಯಾವಾಗ ಬರುತ್ತೆ?"

"ದಿನಾ ಬರುತ್ತೆ. ಹೋಮ ಮಾಡ್ತೀನಲ್ಲ."

"ಸರಿ. ಮಂತ್ರ ಹೇಳೋವಾಗ ಮನಸ್ಸು ಪೂರ್ತಿ ಅಲ್ಲೇ ಇರುತ್ತಾ?"

ಡಾಕ್ಟರ ಹತ್ತಿರ ಸುಳ್ಳು ಹೇಳಬಾರದು. "ಇರಲ್ಲ. ಸ್ಕೂಟರ್ ನೆರಳಲ್ಲಿ ನಿಲ್ಲಿಸಿದ್ನಾ, ಮುಂದಿನ ಮನೆಗೆ ಎಷ್ಟು ಹೊತ್ತಿಗೆ ಹೋಗ್ಬೇಕು, ಹೀಗೆ ಓಡ್ತಿರುತ್ತೆ. ಬಾಯಿ ಅದರ ಪಾಡಿಗೆ ಅದು ಹೇಳುತ್ತೆ."

"ಎಷ್ಟು ವರ್ಷದಿಂದ?"

"ಮೂವತ್ತು."

ಅವರು ಕನ್ನಡಕ ತೆಗೆದರು. "ಶಾಸ್ತ್ರಿಗಳೇ, ನಿಮ್ಮಲ್ಲಿ ಕಾಯಿಲೆ ಎಲ್ಲಿ ಶುರುವಾಯ್ತು, ಅಭ್ಯಾಸ ಎಲ್ಲಿ ಮುಗೀತು ಅಂತ ಕಂಡುಹಿಡಿಯೋದು ಸ್ವಲ್ಪ ಕಷ್ಟ."

ತಲೆಗೆ ತಂತಿ ಅಂಟಿಸುವ ಪರೀಕ್ಷೆ ಮೊದಲು. ಎಣ್ಣೆ ಹಚ್ಚದೆ ಬನ್ನಿ ಎಂದಿದ್ದರು. ಅಲ್ಲಿಯ ಟೆಕ್ನಿಷಿಯನ್ ನನ್ನ ಶಿಖೆಯನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು, ಕೊನೆಗೆ ಹೇರ್‌ಪಿನ್ ಹಾಕಿ ಮೇಲೆ ನಿಲ್ಲಿಸಿದಳು. ಆ ಸ್ಥಿತಿಯಲ್ಲಿ ನನ್ನನ್ನು ಕಂಡ ಸುಮಾ ಗೋಡೆಯ ಕಡೆ ತಿರುಗಿಕೊಂಡು ನಿಂತಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಭಾವಿಸಿ ಸಮಾಧಾನ ಹೇಳಲು ಹೋದೆ, ತಂತಿ ಜಗ್ಗಿತು. ಸ್ಕ್ಯಾನಿಂಗ್‌ನಲ್ಲಿ ಲೋಹ ಇರಬಾರದು ಎಂದರು. ಉಂಗುರ ತೆಗೆದೆ, ಕನ್ನಡಕ ತೆಗೆದೆ, ಮತ್ತೇನಿಲ್ಲ ಎಂದು ಪ್ರಮಾಣ ಮಾಡಿ ಹೇಳಿದೆ. ಆಮೇಲೆ ಅವರೇ ಜನಿವಾರಕ್ಕೆ ಕಟ್ಟಿಕೊಂಡಿದ್ದ ಬೀರುವಿನ ಬೀಗದ ಕೈ ಹಿಡಿದು ತೋರಿಸಿದರು. ಅದು ನನ್ನ ಮೈಮೇಲೆ ಎಷ್ಟು ವರ್ಷದಿಂದ ಇತ್ತೆಂದರೆ ಅದನ್ನು ನಾನು ನನ್ನ ಭಾಗವೆಂದೇ ಲೆಕ್ಕ ಹಾಕಿದ್ದೆ.

ಫಲಿತಾಂಶ ಬಂತು. ಅದು ಒಂದು ಬಗೆಯ ಫಿಟ್ಸ್. ಬೀಳುವುದಿಲ್ಲ, ನೊರೆ ಬರುವುದಿಲ್ಲ. ಮೆದುಳಿನ ಬಲಗಡೆ ಒಂದು ಮೂಲೆಯಲ್ಲಿ ಸಣ್ಣ ಗಲಾಟೆ ಏಳುತ್ತದೆ, ಉಳಿದ ಭಾಗ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಮಾತ್ರೆಗೆ ಬಗ್ಗುತ್ತದೆ ಎಂದರು. ಸ್ಕೂಟರ್ ಸದ್ಯಕ್ಕೆ ಮುಟ್ಟಕೂಡದು ಎಂದರು. ಹೊರಡುವಾಗ ನಾನು ಒಂದು ಪ್ರಶ್ನೆ ಕೇಳಿದೆ. "ಡಾಕ್ಟ್ರೇ, ಆ ನಲವತ್ತು ನಿಮಿಷ ನಾನು ಎಲ್ಲಿದ್ದೆ?"

"ಅಲ್ಲೇ ಇದ್ದಿರಬಹುದು. ನೆನಪಲ್ಲಿ ಬರೆದಿಟ್ಟುಕೊಳ್ಳಲಿಲ್ಲ, ಅಷ್ಟು ಮಾತ್ರ ಗೊತ್ತು. ಎಚ್ಚರ ಇತ್ತೋ ಇಲ್ಲವೋ ಅಂತ ನೀವೂ ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ. ಮಾತ್ರೆ ಬೆಳಿಗ್ಗೆ ಒಂದು, ಸಂಜೆ ಒಂದು."

ಮಾತ್ರೆಯಿಂದ ಕೋಪ ಬರಬಹುದು ಎಂದು ಎಚ್ಚರಿಸಿದ್ದರು. ಬಂತು. ಸಾರಿಗೆ ಉಪ್ಪು ಕಡಿಮೆಯಾಗಿದ್ದಕ್ಕೆ ಒಂದು ದಿನ ತಟ್ಟೆ ಸರಿಸಿದೆ. ಸುಮಾ ಸೌಟು ಹಿಡಿದುಕೊಂಡೇ ಕೇಳಿದಳು, "ಇದು ಮಾತ್ರೆ ಕೋಪನೋ, ಮೊದಲಿನ ಕೋಪನೋ? ಹೇಳಿಬಿಡಿ, ಅದಕ್ಕೆ ತಕ್ಕಂಗೆ ಉತ್ತರ ಕೊಡ್ತೀನಿ." ನಾನು ಪ್ರಾಮಾಣಿಕವಾಗಿ ಒಳಗೆ ನೋಡಿಕೊಂಡೆ. ಗೊತ್ತಾಗಲಿಲ್ಲ. ಅಷ್ಟರಲ್ಲಿ ಕೋಪ ಇಳಿಯಿತು.

ಆಷಾಢ ಮುಗಿಯುತ್ತಿದ್ದಂತೆ ಕುಲಕರ್ಣಿಯವರ ಫೋನು ಬಂತು. ಗೃಹಪ್ರವೇಶದ ಮಾರನೆಯ ದಿನವೇ ಅವರು ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಫೋನು ಮಾಡಿದ್ದರಂತೆ. ತಾಯಿ ತೀರಿಕೊಂಡಾಗ ಮನೆಯ ತೊಟ್ಟಿಲು ಯಾರಿಗೆ ಸೇರಬೇಕೆಂದು ಆಡಿದ ಮಾತಿಗೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು. ಆ ತೊಟ್ಟಿಲಲ್ಲಿ ಮಲಗಿಸಲು ಇಬ್ಬರ ಮನೆಯಲ್ಲೂ ಆಗ ಮಗುವಿರಲಿಲ್ಲ.

"ಅಕ್ಕ ಶ್ರಾವಣದಾಗ ಬರಾಕತ್ತಾಳ್ರೀ ಶಾಸ್ತ್ರಿಗಳ. ಸತ್ಯನಾರಾಯಣ ಪೂಜಾ ಇಟ್ಕೊಂಡೀನಿ. ನೀವು ಆಕಿಗೂ ಹಂಗ ಏಳು ಸಲ ಕೇಳಬೇಕು. ಆಕಿನೂ ಒಳಗ ಭಾಳ ಇಟಗೊಂಡಾಳ."

ಬರುತ್ತೇನೆ ಎಂದೆ. ಫೋನು ಇಟ್ಟು ಮನೆಯವರಿಗೆ ವಿಷಯ ಹೇಳಿದೆ.

"ಹೇಳ್ಬೇಡಿ," ಎಂದಳು ಸುಮಾ. "ಅಕ್ಕ ತಮ್ಮ ಒಂದಾಗಿದಾರೆ, ನಿಮಗ್ಯಾಕೆ? ಕೇಳಿ ಅಂದ್ರೆ ಏಳು ಸಲ ಕೇಳಿ. ನಿಮ್ಮ ಗಂಟೇನು ಹೋಗುತ್ತೆ?"

"ಅಮ್ಮ, ಅದು ನಾಟಕ ಆಗುತ್ತೆ," ಎಂದಳು ಮೇಧಾ.

"ನಿಮ್ಮಪ್ಪ ಕಾಫಿಗೆ ಮಾಡಿದ್ದೇನು?"

ನಾನು ಮೂರು ದಿನ ಯೋಚಿಸಿದೆ. ಹೇಳಿದರೆ, ನಡು ಪೂಜೆಯಲ್ಲಿ ಪ್ರಜ್ಞೆ ತಪ್ಪುವ ಪುರೋಹಿತನನ್ನು ಯಾರು ಕರೆಯುತ್ತಾರೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಒಬ್ಬ ಮನುಷ್ಯ ಹನ್ನೆರಡು ವರ್ಷ ನುಂಗಿಕೊಂಡಿದ್ದ ಮಾತನ್ನು, ತನ್ನ ಒಳಗನ್ನು ಕಂಡವನೊಬ್ಬ ಕೇಳಿದ ಎಂಬ ನಂಬಿಕೆಯಿಂದ ಹೊರಗೆ ತೆಗೆದಿದ್ದಾನೆ. ಕೇಳಿದ್ದು ಒಂದು ರೋಗ ಎಂದು ತಿಳಿದರೆ ಅವನಿಗೆ ಅವಮಾನವಾಗಬಹುದು. ಅವಮಾನವಾದವನು ಮೊದಲು ಮಾಡುವ ಕೆಲಸ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು. ಅಕ್ಕ ಆಗಲೇ ರೈಲು ಟಿಕೆಟ್ ಮಾಡಿಸಿದ್ದರು. ಆದರೆ ನಾನಿಲ್ಲದಾಗ ಬಂದ ಪ್ರಶ್ನೆಯನ್ನು ನಾನು ಇದ್ದುಕೊಂಡು ನಟಿಸುವುದು ನನ್ನಿಂದಾಗದು ಎಂದು ನಾಲ್ಕನೆಯ ದಿನ ಖಚಿತವಾಯಿತು.

ಪೂಜೆಯ ದಿನ ಮೇಧಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದಳು. ಕುಲಕರ್ಣಿಯವರು ಬೆಳಿಗ್ಗೆಯೇ ಯಶವಂತಪುರ ಸ್ಟೇಷನ್ನಿಗೆ ಹೋಗಿ ಅಕ್ಕನನ್ನು ಕರೆತಂದಿದ್ದರು. ಹೆಸರು ಸುಶೀಲಾಬಾಯಿ, ಎಪ್ಪತ್ತು ದಾಟಿದವರು, ಸಣ್ಣ ಗಾತ್ರ, ದೊಡ್ಡ ಧ್ವನಿ, ಎಡಗಿವಿ ಮಂದ. ನಾನು ಕುಲಕರ್ಣಿಯವರನ್ನು ಒಂದು ನಿಮಿಷ ಎಂದು ತಾರಸಿಗೆ ಕರೆದುಕೊಂಡು ಹೋಗಿ, ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು ಎಲ್ಲವನ್ನೂ ಹೇಳಿದೆ.

ಅವರು ಟ್ಯಾಂಕಿಗೆ ಒಂದು ಕೈ ಊರಿದರು. "ಅಂದ್ರ ಅವತ್ತು ಕೇಳಿದಾಂವ ನೀವಲ್ಲ?"

"ಅಲ್ಲ."

"ಮತ್ತ ಯಾರು?"

"ಗೊತ್ತಿಲ್ಲ. ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲ."

"ನೀವು ನನ್ನ ಒಳಗ ಹೊಕ್ಕು ನೋಡೀರಿ ಅಂತ ತಿಳಕೊಂಡಿದ್ದೆ ನಾ."

"ನಾನು ನೋಡ್ತಿದ್ದಿದ್ದು ತೆಂಗಿನಕಾಯಿನ. ವಿಡಿಯೋದಲ್ಲಿದೆ."

ಅವರ ಮುಖ ಇಳಿಯಿತು. ಆ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. "ಊರ ಮಂದಿಗೆಲ್ಲಾ ಹೇಳೀನ್ರಿ. ಹಂಗಾರ ನಾ ಅತ್ತಿದ್ದೂ ಸುಳ್ಳ?"

"ನೀವು ಅತ್ತಾಗ ನಾನು ಇರಲಿಲ್ಲ. ಆಮೇಲೆ ನೋಡಿದಾಗ ಅದು ನಿಜ ಅಂತ ಕಾಣ್ತು."

"ಏನ್ ಸುಳ್ಳ? ಏನ್ ನಿಜ?" ಸುಶೀಲಾಬಾಯಿ ಮೆಟ್ಟಿಲು ಹತ್ತಿ ಬಂದು ನಿಂತಿದ್ದರು. ತಮ್ಮ ತಾರಸಿಗೆ ಹೋದದ್ದನ್ನು ನೋಡಿ ಹಿಂದೆಯೇ ಬಂದಿದ್ದರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಎಡಗಿವಿಯ ಕಡೆ ನಿಂತಿದ್ದೆ. ಬಲಗಡೆ ಬಂದು ಇನ್ನೊಂದು ಸಲ, ಪಕ್ಕದ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಗುಟ್ಟಾಗಿಡಬೇಕೆಂದು ಆಸ್ಪತ್ರೆಯ ಫೈಲನ್ನು ಬಟ್ಟೆ ಚೀಲದಲ್ಲಿ ಒಯ್ಯುತ್ತಿದ್ದೆ; ಈಗ ಬಡಾವಣೆಗೇ ತಿಳಿಯಿತು.

ಸುಶೀಲಾಬಾಯಿ ತಮ್ಮನ ಕಡೆ ತಿರುಗಿದರು. "ಅಂದ್ರ, ಇವರಿಗೆ ಫಿಟ್ಸ್ ಬಂತು, ನಿನಗ ಬುದ್ಧಿ ಬಂತು."

"ಅಕ್ಕ, ಹಂಗಲ್ಲ..."

"ಹೆಂಗ ಮತ್ತ? ಹನ್ನೆರಡು ವರ್ಷ ಶಾಣ್ಯಾರೆಲ್ಲಾ ನೆಟ್ಟಗ ಕೂತು ಹೇಳಿದ್ರು, ಕೇಳಿದಿ? ನನಗ ಫೋನ್ ಹಚ್ಚಿದಾಂವ ಯಾರು? ನೀ ಹಚ್ಚಿದ್ಯೋ, ಇವರ ಫಿಟ್ಸ್ ಹಚ್ತೋ?"

"ನಾನ ಹಚ್ಚಿದೆ."

"ಎತ್ತಿದಾಕಿ ನಾನ. ಮತ್ತ ಆತಲ್ಲ. ಕೆಳಗ ನಡೀ, ಮೊಣಕಾಲು ನೋಯಾಕತ್ತಾವ." ಮೆಟ್ಟಿಲಿಳಿಯುವಾಗ ತಮ್ಮನ ಭುಜ ಹಿಡಿದುಕೊಂಡರು. ನನ್ನ ಕಡೆ ತಿರುಗಿ, "ಗುಳಿಗಿ ತಗೊಂಡೀರೇನ್ರಿ ಇವತ್ತು?" ಎಂದು ಕೇಳಿದರು. ತೆಗೆದುಕೊಂಡಿದ್ದೆ.

ಅವತ್ತಿನ ನಂತರ ಆ ಬಡಾವಣೆಯ ಇಬ್ಬರು ನನ್ನನ್ನು ಕರೆಯುವುದು ಬಿಟ್ಟಿದ್ದಾರೆ. ಉಳಿದವರು ಕರೆಯುತ್ತಾರೆ, ನಡುವೆ ಒಮ್ಮೊಮ್ಮೆ, "ಶಾಸ್ತ್ರಿಗಳೇ, ಇದೀರಾ?" ಎಂದು ವಿಚಾರಿಸುತ್ತಾರೆ. ಅದು ಒಳ್ಳೆಯ ಪದ್ಧತಿಯೆಂದು ನನಗೆ ಅನ್ನಿಸಿದೆ. ಸ್ಕೂಟರು ನೆರಳಲ್ಲಿದೆಯೇ ಎಂದು ಅಲೆಯುತ್ತಿರುವ ಮನಸ್ಸು ಓಡಿ ಬರುತ್ತದೆ. ಮಾತ್ರೆ ಶುರುವಾದ ಮೇಲೆ ಆ ಇನ್ನೊಬ್ಬ ಬಂದ ಸುದ್ದಿಯಿಲ್ಲ. ಬಂದರೆ ನನಗೆ ಬೇರೆಯವರೇ ಹೇಳಬೇಕು.

ಅಂದಿನ ಪೂಜೆಗೆ ಹಿಂತಿರುಗುತ್ತೇನೆ. ಕುಲಕರ್ಣಿ ದಂಪತಿ ಮಣೆಯ ಮೇಲೆ ಕೂತರು. ಪಕ್ಕದ ಕುರ್ಚಿಯಲ್ಲಿ ಅಕ್ಕ. ಬಾಗಿಲ ಹತ್ತಿರ ಮೇಧಾ, ನನ್ನ ಬಲಗೈ ಬೆರಳು ಮತ್ತೆ ಉತ್ತರೀಯ ಹೊಸೆಯುತ್ತದೆಯೇ ಎಂದು ಕಣ್ಣಿಟ್ಟುಕೊಂಡು. ಸಂಕಲ್ಪ ಶುರುಮಾಡಿದೆ. ನದಿ, ದಡ, ಸಂವತ್ಸರ, ಮಾಸ. ಗೋತ್ರ ಗೊತ್ತಿತ್ತು, ಹೆಸರು ಗೊತ್ತಿತ್ತು, ಕೇಳುವ ಅಗತ್ಯವಿರಲಿಲ್ಲ. ಹೇಳಿಕೊಂಡು ಮುಂದೆ ಹೋಗುವವನಿದ್ದೆ. ಸುಶೀಲಾಬಾಯಿ ಕೈ ಎತ್ತಿದರು.

"ನಿಲ್ರಿ. ಅದನ್ನ ಒಮ್ಮೆ ಕೇಳ್ರಿ ಇವಗ."

"ಅದು ಶಾಸ್ತ್ರದಲ್ಲಿಲ್ಲ ತಾಯಿ."

"ಇರಲಿ. ಅವತ್ತ ನಾ ಇರಲಿಲ್ಲ. ನೀವೂ ಇರಲಿಲ್ಲಂತ. ಇಬ್ಬರೂ ಕೇಳೋಣು."

ನಾನು ಉದ್ಧರಣೆಯನ್ನು ಕೆಳಗಿಟ್ಟೆ. ಕುಲಕರ್ಣಿಯವರ ಮುಖ ನೋಡಿದೆ. ಮೀಸೆಯ ಎಡತುದಿ ಬಲಕ್ಕಿಂತ ಬೆಳ್ಳಗಿತ್ತು. ನಾನು ಅವರನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. "ತಾವು ಯಾರು?" ಎಂದೆ. ಕೇಳಿದ್ದು ನನ್ನ ಕಿವಿಗೂ ಬಿತ್ತು.

ಅವರು ಅಕ್ಕನ ಕಡೆ ನೋಡಿದರು. ಗಡಿಯಾರದ ಕಡೆ ನೋಡಿದರು.

"ಅಕ್ಕಗ ಶುಗರ್ ಅದರೀ," ಎಂದರು. "ಒಂದು ಗಂಟೆಕ್ಕ ಆಕಿ ಊಟಕ್ಕ ಕೂಡಬೇಕು. ಲಗೂ ಮುಗಸ್ರಿ."

ನಾನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಎಡವದೆ, ಒಂದು ಸಾಲೂ ಬಿಡದೆ, ಎಂದಿಗಿಂತ ಸ್ವಲ್ಪ ಬೇಗ ಬೇಗ ಪೂಜೆ ಮುಂದುವರಿಸಿದೆ.